ಸೈನ್ಯಾಧಿಕಾರಿಯ ಖಡ್ಗ

ಮನುಷ್ಯನು ರೂಪಿಸಿಕೊಂಡ ಆಯುಧಗಳಲ್ಲಿ ಖಡ್ಗಕ್ಕೆ ದೊರೆತಷ್ಟು ಗೌರವ ಬೇರೊಂದಕ್ಕೆ ದೊರೆತಿಲ್ಲ. ಈಟಿ, ಗದೆ, ಬಿಲ್ಲುಗಳು ಯುದ್ಧ ಮುಗಿದೊಡನೆ ಮೂಲೆಯನ್ನು ಸೇರುತ್ತವೆ. ಖಡ್ಗವಾದರೋ ಅರಸನ ಪಟ್ಟಾಭಿಷೇಕದಲ್ಲಿಯೂ ದೇವರ ಉತ್ಸವದಲ್ಲಿಯೂ ನಮ್ಮ ಊರೂರಿನ ವೀರಗಲ್ಲುಗಳಲ್ಲಿಯೂ ತನ್ನ ಸ್ಥಾನವನ್ನು ಉಳಿಸಿಕೊಂಡು ಬಂದಿದೆ. ಯುರೋಪಿನ ಸೈನ್ಯಗಳಲ್ಲಿ ಈ ಗೌರವವು ಒಂದು ವಿಶೇಷ ರೂಪವನ್ನು ತಾಳಿತು. ಅಲ್ಲಿ ಸಾಮಾನ್ಯ ಸಿಪಾಯಿಯ ಬಂದೂಕು ಸರ್ಕಾರದ ಸ್ವತ್ತು. ಸೇವೆ ಮುಗಿದ ದಿನ ಅವನು ಅದನ್ನು ಹಿಂದಕ್ಕೆ ಒಪ್ಪಿಸಬೇಕು. ಅಧಿಕಾರಿಯ ಖಡ್ಗವು ಹಾಗಲ್ಲ. ಅವನು ಅದನ್ನು ತನ್ನ ಸ್ವಂತ ಹಣದಿಂದ ಕೊಳ್ಳುತ್ತಿದ್ದನು. ಆದುದರಿಂದ ಅದರ ಅಲಗಿನ ಮೇಲೆ ಅವನ ಅಭಿರುಚಿಯೂ, ಹಿಡಿಯ ಮೇಲೆ ಅವನ ದೊರೆಯ ಹೆಸರೂ, ಒರೆಯ ಮೇಲೆ ಮಾರಿದ ವ್ಯಾಪಾರಿಯ ವಿಳಾಸವೂ ಕಾಣಸಿಗುತ್ತವೆ. ಇನ್ನೂರು ವರ್ಷಗಳು ಕಳೆದ ಮೇಲೆಯೂ ಅಂತಹ ಖಡ್ಗವೊಂದನ್ನು ಕೈಗೆತ್ತಿಕೊಂಡು, ಇದು ಯಾವ ಕಾಲದ್ದು, ಯಾವ ದಳದ್ದು ಎಂದು ಹೇಳಬಲ್ಲವರು ಇದ್ದಾರೆ.

ಇಂತಹ ಖಡ್ಗಗಳನ್ನು ಸೊಂಟಕ್ಕೆ ಕಟ್ಟಿಕೊಂಡ ಅಧಿಕಾರಿಗಳು ಉತ್ತರ ಕನ್ನಡದ ಗಡಿಯಲ್ಲಿ ಸುಮಾರು ಅರವತ್ತು ವರ್ಷಗಳ ಕಾಲ ಓಡಾಡಿದರು. 1799ರಿಂದ 1859ರವರೆಗೆ ಹಳಿಯಾಳ, ದಾಂಡೇಲಿ, ಸೂಪಾ, ಮುಂಡಗೋಡಗಳ ಕಾಡಂಚಿನಲ್ಲಿಯೂ ಅವುಗಳಿಗೆ ತಾಗಿದ ಧಾರವಾಡ, ಕಿತ್ತೂರು ಸೀಮೆಗಳಲ್ಲಿಯೂ ಯುದ್ಧದ ಸದ್ದು ಪದೇ ಪದೇ ಕೇಳಿಬಂದಿತು. ಅವರ ಎದುರು ನಿಂತವರ ಕೈಯಲ್ಲಿಯೂ ಖಡ್ಗಗಳಿದ್ದವು. ಒಂದು ಪಕ್ಷದ ಖಡ್ಗಗಳು ಹೆಸರು, ಸಂಖ್ಯೆ, ಇತಿಹಾಸಗಳೊಡನೆ ಉಳಿದುಕೊಂಡು, ಮತ್ತೊಂದು ಪಕ್ಷದ ಖಡ್ಗಗಳು ಹೆಸರಿಲ್ಲದೆ ಹೋದುದು ಹೇಗೆ? ಇದನ್ನು ತಿಳಿಯಬೇಕಾದರೆ ಮೊದಲು ಆ ಪರದೇಶದ ಖಡ್ಗವು ಹುಟ್ಟಿದ ಬಗೆಯನ್ನು ತಿಳಿಯಬೇಕು.

ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಯುರೋಪಿನ ಅಲಗುಗಳು ಪಶ್ಚಿಮ ಕರಾವಳಿಯ ಬಂದರುಗಳ ಮೂಲಕ ದಖ್ಖನಿಗೆ ಹೆಚ್ಚು ಹೆಚ್ಚಾಗಿ ಬರತೊಡಗಿದವು. ನಮ್ಮ ಕಮ್ಮಾರರು ಆ ನೇರವಾದ ಉದ್ದ ಅಲಗಿಗೆ ಇಲ್ಲಿಯ ಮಾದರಿಯ ಹಿಡಿಯನ್ನು ಕೂಡಿಸಿದರು. ಹೀಗೆ ಹುಟ್ಟಿದ ಮಿಶ್ರ ಖಡ್ಗಕ್ಕೆ ‘ಫಿರಂಗಿ’ ಎಂದು ಹೆಸರಾಯಿತು. ಫ್ರಾಂಕರ ನಾಡಿನದು, ಎಂದರೆ ಯುರೋಪಿನದು ಎಂಬುದು ಈ ಶಬ್ದದ ಮೂಲಾರ್ಥ. ಕನ್ನಡದಲ್ಲಿ ಅದೇ ಶಬ್ದವು ತೋಪಿಗೆ ನಿಂತುಹೋಯಿತು. ಶಬ್ದದ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬಹುದು: ಮಲೆನಾಡಿನ ಒಕ್ಕಲಿಗನಿಗೆ ಇಂದಿಗೂ ‘ಕತ್ತಿ’ ಎಂದರೆ ಸೊಪ್ಪು ಕೊಯ್ಯಲು, ಬಿದಿರು ಕಡಿಯಲು ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಕೆಲಸದ ಸಲಕರಣೆಯೇ ಹೊರತು ಯುದ್ಧದ ಆಯುಧವಲ್ಲ. ಈ ವ್ಯತ್ಯಾಸವು ಮುಂದೆ ನಮಗೆ ಉಪಯೋಗಕ್ಕೆ ಬರುತ್ತದೆ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷರ ಖಡ್ಗಗಳಿಗೆ ಒಳ್ಳೆಯ ಹೆಸರಿರಲಿಲ್ಲ. ಜರ್ಮನಿಯ ಸೋಲಿಂಗೆನ್ ಎಂಬ ಪಟ್ಟಣದ ಅಲಗುಗಳೇ ಶ್ರೇಷ್ಠವೆಂದು ಎಲ್ಲರೂ ನಂಬಿದ್ದರು. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಕುದುರೆ ಸವಾರರಿಗಾಗಿ ಹತ್ತು ಸಾವಿರ ಖಡ್ಗಗಳು ಬೇಕಾದವು. ಆಗ ಬರ್ಮಿಂಗ್‌ಹ್ಯಾಮಿನ ಥಾಮಸ್ ಗಿಲ್ ಎಂಬ ತಯಾರಕನು ಎಲ್ಲರ ಅಲಗುಗಳನ್ನೂ ಒಂದೇ ಬಗೆಯಲ್ಲಿ ಪರೀಕ್ಷಿಸಬೇಕೆಂದು ಹಠ ಹಿಡಿದನು. ಮೂವತ್ತಾರು ಅಂಗುಲದ ಅಲಗನ್ನು ಯಂತ್ರದಲ್ಲಿ ಇಟ್ಟು ಇಪ್ಪತ್ತೊಂಬತ್ತೂವರೆ ಅಂಗುಲಕ್ಕೆ ಬರುವಂತೆ ಬಗ್ಗಿಸುವುದೇ ಆ ಪರೀಕ್ಷೆ. ಮುರಿಯದೆ ಮತ್ತೆ ನೆಟ್ಟಗಾದ ಅಲಗು ಮಾತ್ರ ತೇರ್ಗಡೆ. ಗಿಲ್ಲನು ಒಪ್ಪಿಸಿದ 2650 ಖಡ್ಗಗಳಲ್ಲಿ ನಾಲ್ಕು ಮಾತ್ರ ತಿರಸ್ಕೃತವಾದವು. ಜರ್ಮನಿಯ 1400ರಲ್ಲಿ 28 ಹೋದವು. ಉಳಿದ ಇಂಗ್ಲಿಷ್ ತಯಾರಕರ 3784ರಲ್ಲಿ 1084 ನಿಂತಲ್ಲೇ ಸೋತವು. ಭಾರತದಲ್ಲಿ ಬಳಸುವುದಕ್ಕೆಂದೇ ಮಾಡಿದ ಖಡ್ಗಗಳು ಇಂಗ್ಲೆಂಡಿನ ಕುಶಲಕರ್ಮಿಗಳ ಮಾನವನ್ನು ಹೀಗೆ ಅಳೆದವು!

ಆಕಾರವು ಸರಿಯಾದುದು ಅದಕ್ಕೂ ಹತ್ತು ವರ್ಷಗಳ ಮೇಲೆ. ಜಾನ್ ಗ್ಯಾಸ್ಪರ್ಡ್ ಲ ಮಾರ್ಶಾಂ ಎಂಬ ತರುಣ ಅಶ್ವದಳದ ಅಧಿಕಾರಿಯು ಫ್ರಾನ್ಸಿನ ವಿರುದ್ಧ ಫ್ಲಾಂಡರ್ಸಿನಲ್ಲಿ ನಡೆದ ಯುದ್ಧದಲ್ಲಿ ಭಾಗವಹಿಸಿದ್ದನು. ತನ್ನವರ ಖಡ್ಗಗಳು ಉದ್ದವೂ ಭಾರವೂ ಆಗಿದ್ದು, ಗಡಿಬಿಡಿಯಲ್ಲಿ ಬೀಸಿದಾಗ ಸ್ವಂತ ಕುದುರೆಯ ಕಿವಿಗೋ ಕುತ್ತಿಗೆಗೋ ಗಾಯಮಾಡುತ್ತಿದ್ದುದನ್ನು ಅವನು ಅಲ್ಲಿ ಕಂಡನು. ತುರ್ಕಿಯರ, ಹಂಗೇರಿಯನ್ನರ ಬಾಗಿದ ಖಡ್ಗಗಳು ಹಗುರವಾಗಿ, ಬೀಸಿದೊಡನೆ ಆಳವಾಗಿ ಸೀಳುವುದನ್ನು ಗಮನಿಸಿದನು. ಊರಿಗೆ ಮರಳಿದ ಮೇಲೆ ಬರ್ಮಿಂಗ್‌ಹ್ಯಾಮಿನ ಹೆನ್ರಿ ಆಸ್ಬೊರ್ನನ ನೆರವಿನಿಂದ ಹೊಸ ಮಾದರಿಯೊಂದನ್ನು ಸಿದ್ಧಪಡಿಸಿದನು. 1796ರಲ್ಲಿ ಸರ್ಕಾರವು ಅದನ್ನು ಅಂಗೀಕರಿಸಿತು. ಸುಮಾರು ಮೂವತ್ತಮೂರು ಅಂಗುಲ ಉದ್ದ, ಒಂದು ಕಿಲೋಗ್ರಾಮಿಗೆ ಸಮೀಪದ ತೂಕ. ತುದಿಯತ್ತ ಹೋದಂತೆ ಅಗಲವಾಗುವ ಬಾಗಿದ ಅಲಗು. ಕೈಯನ್ನು ಕಾಯಲು ಕುದುರೆಯ ರಿಕಾಪಿನಂತೆ ಬಾಗಿದ ಒಂದೇ ಒಂದು ಕಬ್ಬಿಣದ ಪಟ್ಟಿ. ಅಧಿಕಾರಿಗಳು ಇದೇ ಮಾದರಿಯಲ್ಲಿ ಅಲಗಿಗೆ ನೀಲಿ ಬಣ್ಣವೇರಿಸಿ, ಮೇಲೆ ಚಿನ್ನದ ರೇಖೆಗಳಿಂದ ರಾಜಲಾಂಛನವನ್ನೂ ಬಳ್ಳಿಗಳನ್ನೂ ಬಿಡಿಸಿಕೊಳ್ಳುತ್ತಿದ್ದರು. ಮುಂದೆ ಪ್ರಷ್ಯದವರು ಕೂಡ ಇದನ್ನೇ ಅನುಕರಿಸಿದರು. ಲ ಮಾರ್ಶಾಂ ಸ್ವತಃ 1812ರಲ್ಲಿ ಸ್ಪೇನಿನ ಸಲಾಮಾಂಕ ಯುದ್ಧದಲ್ಲಿ ಮಡಿದನು.

ಅದೇ 1796ರಲ್ಲಿ ಕಾಲಾಳು ದಳದ ಅಧಿಕಾರಿಗಳಿಗೂ ಒಂದು ಖಡ್ಗ ನಿಗದಿಯಾಯಿತು. ಹಿಡಿಗೆ ಬೆಳ್ಳಿಯ ತಂತಿ, ಕಾಪಿಗೆ ಚಿನ್ನದ ಮುಲಾಮು, ಅಲಗು ನೇರ ಮತ್ತು ತೆಳು. ನೋಟಕ್ಕೆ ಅದು ಚೆಲುವಾದುದೇ. ಆದರೆ ಕಡಿಯುವುದಕ್ಕೂ ಸಾಲದು, ಚುಚ್ಚುವುದಕ್ಕೂ ಸಾಲದು ಎಂದು ಅದನ್ನು ಧರಿಸಿದವರೇ ಹಳಿದರು. ಕಾಲಾಳು ಅಧಿಕಾರಿಯು ಖಡ್ಗವನ್ನು ಶತ್ರುವಿನ ಮೇಲೆ ಎತ್ತುವುದಕ್ಕಿಂತ ತನ್ನವರಿಗೆ ದಾರಿ ತೋರಿಸಲು ಎತ್ತಿದ್ದೇ ಹೆಚ್ಚು.

ಇನ್ನು ನಮ್ಮ ಗಡಿನಾಡಿಗೆ ಬರೋಣ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ ಕನ್ನಡ ಜಿಲ್ಲೆಯೂ ಘಟ್ಟದ ಮೇಲಿನ ಸೋಂದಾ ಸೀಮೆಯೂ ಕಂಪನಿಯ ವಶವಾದವು. ಥಾಮಸ್ ಮನ್ರೋ ಈ ಜಿಲ್ಲೆಯ ಮೊದಲ ಕಲೆಕ್ಟರನಾದನು. ಹಳಿಯಾಳವು ಆಗ ಕಂಪನಿಯ ರಾಜ್ಯದ ಅಂಚು. ಅದರ ಆಚೆಗೆ ಧಾರವಾಡದ ಬಯಲು ಮರಾಠರದು. ಬಯಲು ಮುಗಿದು ಕಾಡು ಮೊದಲಾಗುವ ಆ ಸ್ಥಳದ ಕೋಟೆಯನ್ನು ಹಿಡಿದವನಿಗೆ ಘಟ್ಟದ ದಾರಿಗಳು ಕೈವಶವಾಗುತ್ತಿದ್ದವು. ಮುಂದೆ ವೆಲಿಂಗ್ಟನ್ ಡ್ಯೂಕನೆಂದು ಜಗತ್ಪ್ರಸಿದ್ಧನಾದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಆಗ ಮೈಸೂರಿನಲ್ಲಿದ್ದನು. ಅವನ ಪತ್ರಗಳಲ್ಲಿ ಹಳಿಯಾಳದ ಹೆಸರು, ಇಂಗ್ಲಿಷ್ ನಾಲಗೆಗೆ ಸಿಕ್ಕಿ ‘ಹುಲ್ಲಿಹಾಲ್’ ಆಗಿ, ಮುಖ್ಯ ಗಡಿಠಾಣೆಯೆಂದು ಮತ್ತೆ ಮತ್ತೆ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಮಹಾ ಸೇನಾನಿಗಳಲ್ಲಿ ಒಬ್ಬನೆನಿಸಿದವನು ತನ್ನ ಮೊದಲ ಪಾಠಗಳನ್ನು ಕಲಿತದ್ದು ಈ ಕೆರೆ, ಹಳ್ಳ, ಬಿದಿರುಮೆಳೆಗಳ ನಡುವೆ ಎಂಬುದು ನಮ್ಮ ಜನರಿಗೆ ಅಷ್ಟಾಗಿ ತಿಳಿದಿಲ್ಲ.

ಅವನ ಎದುರಾಳಿಯು ಧೋಂಡಿಯ ವಾಘ. ಚನ್ನಗಿರಿಯವನಾದ ಧೋಂಡಿಯನು ಹೈದರನ ಕಾಲದಲ್ಲಿ ಕುದುರೆ ಸವಾರನಾಗಿದ್ದವನು. ಟಿಪ್ಪುವಿನ ಸೆರೆಯಲ್ಲಿದ್ದು, ಶ್ರೀರಂಗಪಟ್ಟಣದ ಪತನದ ಗೊಂದಲದಲ್ಲಿ ಹೊರಬಿದ್ದು, ಚದುರಿದ ಸವಾರರನ್ನು ಕೂಡಿಸಿಕೊಂಡು, ತಾನು ಉಭಯಲೋಕಗಳ ಒಡೆಯನೆಂದು ಸಾರಿಕೊಂಡನು. ತನ್ನನ್ನು ಅಡಗಿಸಲು ಬಂದ ಮರಾಠಾ ಸೇನಾನಿ ಧೋಂಡೋಪಂತ ಗೋಖಲೆಯನ್ನು 1800ರ ಜೂನ್ ಕೊನೆಯಲ್ಲಿ ಕಿತ್ತೂರಿನ ಸಮೀಪದಲ್ಲಿ ಸೋಲಿಸಿ ಕೊಂದನು. ಅದೇ ಸಮಯಕ್ಕೆ ವೆಲ್ಲೆಸ್ಲಿಯು ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ರಾಣೆಬೆನ್ನೂರು, ಕುಂದಗೋಳ, ಡಂಬಳಗಳನ್ನು ಒಂದೊಂದಾಗಿ ಹಿಡಿಯುತ್ತ ಬೆನ್ನಟ್ಟಿದನು. ಮಳೆಗಾಲವು ತುಂಬಿ ನಿಂತಿತ್ತು. ಕಿತ್ತೂರಿನ ಸಮೀಪ ಪಾಳೆಯವನ್ನು ಬಿಟ್ಟು ಮಲಪ್ರಭೆಯನ್ನು ದಾಟಲು ದೋಣಿಗಳನ್ನು ಕಟ್ಟಿಸಬೇಕಾಯಿತು. ಸೈನ್ಯದ ಅಕ್ಕಿಯನ್ನು ಹೊತ್ತು ತಂದವುಗಳು ಲಂಬಾಣಿಗರ ಹೇರೆತ್ತುಗಳು. ಆ ಎತ್ತುಗಳು ಒಂದು ದಿನ ತಡವಾದರೆ ಸೈನ್ಯವು ಒಂದು ದಿನ ನಿಲ್ಲುತ್ತಿತ್ತು. ಈ ಬೆನ್ನಟ್ಟುವಿಕೆಯ ನಿಜವಾದ ಆಯುಧವು ಖಡ್ಗವೋ ಎತ್ತಿನ ಬೆನ್ನಿನ ಮೇಲಿದ್ದ ಅಕ್ಕಿಯ ಗೋಣಿಯೋ ಎಂದು ಕೇಳಿದರೆ, ವೆಲ್ಲೆಸ್ಲಿಯು ಎರಡನೆಯದನ್ನೇ ಹೇಳುತ್ತಿದ್ದನೆಂದು ತೋರುತ್ತದೆ.

ಆದರೂ ಕೊನೆಯನ್ನು ಬರೆದದ್ದು ಖಡ್ಗ. 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ ಎಂಬಲ್ಲಿ ಧೋಂಡಿಯನ ಸುಮಾರು ಐದು ಸಾವಿರ ಸವಾರರು ಎದುರಾದರು. ವೆಲ್ಲೆಸ್ಲಿಯ ಬಳಿ ಆಗ ಇದ್ದವು ನಾಲ್ಕೇ ಅಶ್ವದಳಗಳು: ಇಂಗ್ಲೆಂಡಿನ 19ನೆಯ ಮತ್ತು 25ನೆಯ ಡ್ರಾಗೂನ್ ದಳಗಳು, ಮದರಾಸಿನ ಎರಡು ದೇಶೀಯ ದಳಗಳು. ಕಾಲಾಳುಗಳು ಹಿಂದೆ ಉಳಿದಿದ್ದರು. ನಾಲ್ಕು ದಳಗಳನ್ನೂ ಒಂದೇ ಸಾಲಿನಲ್ಲಿ ಉದ್ದಕ್ಕೆ ಹರಡಿ, ತಾನೇ ಮುಂದಾಗಿ ಅವನು ನುಗ್ಗಿದನು. ಧೋಂಡಿಯನು ಕಾದಾಟದಲ್ಲಿ ಬಿದ್ದನು. ಅವನ ದೇಹವನ್ನು ತೋಪಿನ ಗಾಡಿಗೆ ಕಟ್ಟಿ ಪಾಳೆಯಕ್ಕೆ ತಂದರು. ಶತ್ರುವಿನ ಸಾಮಾನು ಸರಂಜಾಮುಗಳ ನಡುವೆ ಸಲಾಬತ್ ಖಾನನೆಂಬ ನಾಲ್ಕು ವರ್ಷದ ಬಾಲಕನೊಬ್ಬನು ಸಿಕ್ಕಿದನು. ಅವನು ಧೋಂಡಿಯನ ಸಾಕುಮಗ. ವೆಲ್ಲೆಸ್ಲಿಯು ಅವನನ್ನು ತನ್ನ ಡೇರೆಗೆ ಕರೆತಂದು ಸಾಕಿದನಲ್ಲದೆ, 1805ರಲ್ಲಿ ಭಾರತವನ್ನು ಬಿಡುವಾಗ ಅವನ ಪೋಷಣೆಗೆಂದು ಹಣವನ್ನೂ ಇಟ್ಟು ಹೋದನು. ಆ ಬಾಲಕನು ಬೆಳೆದು ಮೈಸೂರು ಅರಸರ ಸೇವೆಗೆ ಸೇರಿ 1822ರಲ್ಲಿ ಕಾಲರಾ ರೋಗದಿಂದ ತೀರಿಕೊಂಡನು.

ಇದೇ ದಖ್ಖನಿನ ಸವಾರರಿಗೆ ಸಂಬಂಧಿಸಿದ ಒಂದು ವೃತ್ತಾಂತವನ್ನು ಇಲ್ಲಿ ಹೇಳಲೇಬೇಕು. ಮದರಾಸಿನಲ್ಲಿ ಸೇವೆ ಸಲ್ಲಿಸಿದ್ದ ಕ್ಯಾಪ್ಟನ್ ನೋಲನ್ ಎಂಬವನು 1853ರಲ್ಲಿ ಅಶ್ವದಳದ ಬಗ್ಗೆ ಒಂದು ಗ್ರಂಥವನ್ನು ಬರೆದನು. ಹೈದರಾಬಾದು ನಿಜಾಮನ ಸವಾರರು ಒಂದೇ ಪೆಟ್ಟಿಗೆ ಶತ್ರುವಿನ ಕೈಯನ್ನೋ ತಲೆಯನ್ನೋ ಕತ್ತರಿಸಿ ಹಾಕಿದ ಸಂಗತಿಯು ಅವನನ್ನು ಬೆರಗುಗೊಳಿಸಿತು. ಅವರ ಖಡ್ಗಗಳು ಯಾವ ಅಪೂರ್ವ ಉಕ್ಕಿನವೋ ಎಂದು ವಿಚಾರಿಸಿದರೆ, ಅವು ಇಂಗ್ಲಿಷ್ ಡ್ರಾಗೂನರು ಬಳಸಿ ಬಿಸಾಡಿದ ಹಳೆಯ ಅಲಗುಗಳು! ಇಲ್ಲಿಯವರು ಅವುಗಳಿಗೆ ದೇಶೀಯ ಹಿಡಿಯನ್ನು ಹಾಕಿ, ಕ್ಷೌರಿಕನ ಕತ್ತಿಯಂತೆ ಮಸೆದು, ಮರದ ಒರೆಯಲ್ಲಿ ಇಟ್ಟಿದ್ದರು. ರಹಸ್ಯವೆಲ್ಲ ಆ ಒರೆಯಲ್ಲಿತ್ತು. ಇಂಗ್ಲಿಷರ ಒರೆಯು ಕಬ್ಬಿಣದ್ದು. ಕವಾಯತಿನಲ್ಲಿ ದಿನಕ್ಕೆ ಹತ್ತು ಬಾರಿ ಎಳೆದು ಸೇರಿಸುವಾಗ ಅಲಗಿನ ಅಂಚು ಕಬ್ಬಿಣಕ್ಕೆ ಉಜ್ಜಿ ಮೊಂಡಾಗುತ್ತಿತ್ತು. ಮರದ ಒರೆಯು ಅಂಚನ್ನು ಕಾಯುತ್ತಿತ್ತು. ಅಲ್ಲದೆ ನಮ್ಮ ಸವಾರರು ಯುದ್ಧದಲ್ಲಿ ಹೊರತು ಖಡ್ಗವನ್ನು ಹಿರಿಯುತ್ತಲೇ ಇರಲಿಲ್ಲ. ಅಲಗು ಒಂದೇ, ಒಂದೆಡೆ ಅದು ಮೆರವಣಿಗೆಯ ಹೊಳಪು, ಇನ್ನೊಂದೆಡೆ ಪ್ರಾಣವನ್ನು ಕಾಯುವ ಆಯುಧ. ಈ ಸತ್ಯವನ್ನು ಬರೆದ ನೋಲನ್ನನು ಮರುವರ್ಷವೇ ಕ್ರಿಮಿಯಾದ ಬಾಲಕ್ಲಾವದಲ್ಲಿ ಲಘು ಅಶ್ವದಳದ ಪ್ರಸಿದ್ಧವಾದ ನುಗ್ಗಾಟದ ಆರಂಭದಲ್ಲಿಯೇ ತೋಪಿನ ಗುಂಡಿಗೆ ಬಲಿಯಾದನು.

ಧಾರವಾಡ ಸೀಮೆಯು 1818ರಲ್ಲಿ ಪೇಶ್ವೆಯರ ಕೈಯಿಂದ ಕಂಪನಿಗೆ ಬಂದಿತು. ಆರು ವರ್ಷ ಕಳೆಯುವಷ್ಟರಲ್ಲಿ ಕಿತ್ತೂರಿನ ಕಿಡಿ ಹಾರಿತು. ದೇಸಾಯಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ದತ್ತಕವನ್ನು ಕಲೆಕ್ಟರ್ ಥ್ಯಾಕರೆಯು ಒಪ್ಪದೆ ಸಂಸ್ಥಾನದ ಬೊಕ್ಕಸಕ್ಕೆ ಮುದ್ರೆ ಹಾಕಿಸಿದನು. ರಾಣಿ ಚೆನ್ನಮ್ಮನು ಬಾಗಲು ಮುಚ್ಚಿಸಿದಳು. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಒಮ್ಮೆಲೇ ತೆರೆದು ಕಿತ್ತೂರಿನ ವೀರರು ಹೊರಕ್ಕೆ ನುಗ್ಗಿದಾಗ ಥ್ಯಾಕರೆಯೂ ಕ್ಯಾಪ್ಟನ್ ಬ್ಲ್ಯಾಕ್, ಲೆಫ್ಟಿನೆಂಟ್ ಸೀವೆಲ್, ಲೆಫ್ಟಿನೆಂಟ್ ಡೈಟನ್ ಎಂಬ ಅಧಿಕಾರಿಗಳೂ ಮಡಿದರು. ಇಬ್ಬರು ಸಹಾಯಕರು ಸೆರೆಸಿಕ್ಕರು. ಅವರಲ್ಲಿ ವಾಲ್ಟರ್ ಎಲಿಯಟ್ ಒಬ್ಬನು. ಚೆನ್ನಮ್ಮನು ಸೆರೆಯಾಳುಗಳನ್ನು ಸೌಜನ್ಯದಿಂದ ನಡೆಸಿಕೊಂಡು ಡಿಸೆಂಬರಿನ ಮೊದಲಲ್ಲಿ ಬಿಟ್ಟುಕೊಟ್ಟಳು. ಬದುಕಿ ಬಂದ ಎಲಿಯಟ್ಟನು ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳನ್ನು ಪ್ರತಿಮಾಡಿಸಿ ನಮ್ಮ ಇತಿಹಾಸಕ್ಕೆ ದೊಡ್ಡ ಉಪಕಾರ ಮಾಡಿದನು. ಕಂಪನಿಯ ದೊಡ್ಡ ಸೈನ್ಯ ಬಂದು ಅದೇ ಡಿಸೆಂಬರಿನಲ್ಲಿ ಕಿತ್ತೂರನ್ನು ಹಿಡಿಯಿತು. ಚೆನ್ನಮ್ಮನು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ಕಣ್ಮುಚ್ಚಿದಳು.

ಅಲ್ಲಿಂದ ಮುಂದಿನ ಯುದ್ಧವು ಬಯಲನ್ನು ಬಿಟ್ಟು ಕಾಡನ್ನು ಹೊಕ್ಕಿತು. ಸಂಗೊಳ್ಳಿ ರಾಯಣ್ಣನು ಊರು ಕಾಯುವ ಸೇವೆಗಾಗಿ ಇನಾಮು ಭೂಮಿಯನ್ನು ಉಂಡುಬಂದ ಶೇತಸನದಿ ಮನೆತನದವನು. ಹೊಸ ಸರ್ಕಾರವು ಆ ಭೂಮಿಗೆ ಕೈಹಾಕಿದುದು ಅವನಂತಹ ನೂರಾರು ಜನರ ಅನ್ನಕ್ಕೆ ಕಲ್ಲು ಹಾಕಿದಂತಾಯಿತು. ಅವನ ಪಡೆಯು 1830ರ ಮೊದಲ ತಿಂಗಳುಗಳಲ್ಲಿ ಬೀಡಿ, ನಂದಗಡ, ಖಾನಾಪುರ, ಸಂಪಗಾವಿಗಳ ಸುತ್ತ ಕಚೇರಿಗಳನ್ನೂ ಅಲ್ಲಿದ್ದ ಕಂದಾಯದ ಕಾಗದಗಳನ್ನೂ ಸುಟ್ಟು ಕಾಡಿನೊಳಗೆ ಮರೆಯಾಗುತ್ತಿತ್ತು. ಖಾನಾಪುರದಿಂದ ಹಳಿಯಾಳ, ದಾಂಡೇಲಿಗಳವರೆಗೆ ಹಬ್ಬಿದ ಆ ದಟ್ಟ ಅಡವಿಯಲ್ಲಿ ಕುದುರೆಯನ್ನು ಓಡಿಸುವುದು ಅಸಾಧ್ಯ. ಬಿದಿರುಮೆಳೆಯ ನಡುವೆ ಮೂವತ್ತಮೂರು ಅಂಗುಲದ ಖಡ್ಗವನ್ನು ಬೀಸಲು ಹೋದರೆ ಅದು ಬಳ್ಳಿಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ದಾರಿ ಮಾಡಿಕೊಡುವುದು ಹಿಂದೆ ಹೇಳಿದ ಒಕ್ಕಲಿಗನ ಮೊಳದುದ್ದದ ಕತ್ತಿಯೇ. ಜನರ ನೆನಪಿನಲ್ಲಿ ಉಳಿದಿರುವ ಗಜವೀರನೆಂಬ ಸಿದ್ದಿ ಬಂಟನು ರಾಯಣ್ಣನ ಸಂಗಡಿಗನಾಗಿದ್ದನು. ಗೋವೆಯ ಪೋರ್ಚುಗೀಸರು ಆಫ್ರಿಕದಿಂದ ಗುಲಾಮರನ್ನಾಗಿ ತಂದವರಲ್ಲಿ ತಪ್ಪಿಸಿಕೊಂಡು ಬಂದು ಹಳಿಯಾಳ, ಮುಂಡಗೋಡ, ಯಲ್ಲಾಪುರದ ಕಾಡುಗಳಲ್ಲಿ ನೆಲೆನಿಂತ ಸಿದ್ದಿಯರಿಗೆ ಆ ಕಾಡಿನ ಒಂದೊಂದು ಹಾದಿಯೂ ಗೊತ್ತಿತ್ತು.

ಬಲದಿಂದ ಆಗದುದು ಮೋಸದಿಂದ ಆಯಿತು. 1830ರ ಏಪ್ರಿಲಿನಲ್ಲಿ, ಹಳಿಯಾಳಕ್ಕೆ ಸಮೀಪದ ಅಳ್ನಾವರದ ಕಡೆ, ಡೋರಿ-ಬೆಣಚಿಯ ಹಳ್ಳದಲ್ಲಿ ರಾಯಣ್ಣನು ಸ್ನಾನಕ್ಕೆ ಇಳಿದಿದ್ದಾಗ ಅವನನ್ನು ಹಿಡಿದರು. ತನ್ನ ಖಡ್ಗವನ್ನು ದಂಡೆಯ ಮೇಲಿದ್ದ ಸಂಗಡಿಗನ ಕೈಗೆ ಕೊಟ್ಟು ನೀರಿಗಿಳಿದನೆಂದೂ, ವೈರಿಗಳು ಮುತ್ತಿದಾಗ ಖಡ್ಗವನ್ನು ಕೇಳಿದರೆ ಅವನು ಅದನ್ನು ದೂರಕ್ಕೆ ಒಯ್ದನೆಂದೂ ನಾಡಿನ ಲಾವಣಿಗಾರರು ಹಾಡುತ್ತ ಬಂದಿದ್ದಾರೆ. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು.

ಖಡ್ಗವನ್ನು ಕೈಯಿಂದ ತೆಗೆಸುವ ಕೆಲಸವನ್ನು ಸರ್ಕಾರವೇ ಕಾಯಿದೆಯ ಮೂಲಕ ಕೈಗೊಂಡದ್ದು 1857ರಲ್ಲಿ. ಉತ್ತರ ಹಿಂದೂಸ್ಥಾನದಲ್ಲಿ ಸಿಪಾಯಿಗಳು ಎದ್ದ ಸುದ್ದಿ ಬಂದೊಡನೆ, ಜನರು ತಮ್ಮ ಆಯುಧಗಳನ್ನು ನೋಂದಾಯಿಸಬೇಕು, ಇಲ್ಲವೆ ಒಪ್ಪಿಸಬೇಕು ಎಂಬ ಆಜ್ಞೆ ಹೊರಟಿತು. ಬೇಟೆಯಿಂದಲೂ ಕಾವಲಿನಿಂದಲೂ ಬದುಕುವ ಜನರಿಗೆ ಆಯುಧವೆಂದರೆ ಮನೆಯ ಅನ್ನ, ವಂಶದ ಮಾನ. ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡುವುದಿಲ್ಲವೆಂದರು. ಆ ವರ್ಷದ ನವೆಂಬರಿನಲ್ಲಿ ಸೈನ್ಯವು ಹಲಗಲಿಯನ್ನು ಸುತ್ತುವರಿದು ಊರಿಗೆ ಬೆಂಕಿಯಿಟ್ಟಿತು. ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ತನ್ನ ತೋಪುಗಳನ್ನು ಧಾರವಾಡಕ್ಕೆ ಕಳುಹಿಸಬೇಕೆಂಬ ಆಜ್ಞೆಯಿಂದ ನೊಂದಿದ್ದ ನರಗುಂದದ ಭಾಸ್ಕರರಾವ್ ಬಾಬಾಸಾಹೇಬನು ಮರುವರ್ಷದ ಮೇ ತಿಂಗಳಲ್ಲಿ ಎದ್ದನು. ಪೊಲಿಟಿಕಲ್ ಏಜೆಂಟನಾದ ಮ್ಯಾನ್ಸನ್ನನು ಸುರೇಬಾನದಲ್ಲಿ ಹತನಾದನು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು.

ಅದೇ 1858ರಲ್ಲಿ ಸೂಪಾದ ಕಾಡುಗಳೂ ಹೊತ್ತಿಕೊಂಡವು. ಸಾವಂತವಾಡಿಯ ಕಡೆಯ ಬಂಡಾಯಗಾರರು ಗೋವೆಯ ಗಡಿಯ ದರ್ಶನಿಗುಡ್ಡವನ್ನು ನೆಲೆಮಾಡಿಕೊಂಡು ಸರ್ಕಾರದ ಠಾಣೆಗಳ ಮೇಲೆ ಬಿದ್ದರು. ಫಡ್ನೀಸ್ ಮನೆತನದ ಸಹೋದರರೂ ಸಿದ್ದಿ ಬಾಸ್ತ್ಯಾಂವನೂ ಅವರ ಮುಂದಾಳುಗಳು. ಬೆನ್ನಟ್ಟಿದರೆ ಗಡಿಯಾಚೆಗೆ ಪೋರ್ಚುಗೀಸರ ನೆಲ, ಈಚೆಗೆ ಮುಳ್ಳಿನ ಮೆಳೆ. ಬ್ರಿಟಿಷ್ ಅಧಿಕಾರಿಗಳು ಇಲ್ಲಿ ಪಟ್ಟ ಪಾಡು ಅಷ್ಟಿಷ್ಟಲ್ಲ. 1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತವನ್ನು ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರುವ ಹೊತ್ತಿಗೆ ಗಡಿಯು ತಣ್ಣಗಾಗಿತ್ತು. ಹಳೆಯ ಸೂಪಾ ಊರನ್ನು ಇಂದು ನೋಡುವಂತಿಲ್ಲ. ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಅದು ಮುಳುಗಿತು. ತಾಲ್ಲೂಕಿನ ಕೇಂದ್ರವು ಜೋಯಿಡಾಕ್ಕೆ ಬಂದಿತು.

ಈ ಅರವತ್ತು ವರ್ಷಗಳಲ್ಲಿ ಅಧಿಕಾರಿಯ ಖಡ್ಗವೂ ಬದಲಾಗುತ್ತ ಬಂದಿತ್ತು. 1822ರಲ್ಲಿ ಕಾಲಾಳು ಅಧಿಕಾರಿಗಳಿಗೆ ಹೊಸ ಮಾದರಿಯೊಂದು ಬಂದಿತು. ಅದರ ಹಿಡಿಗೆ ಮೀನಿನ ಒರಟು ಚರ್ಮವನ್ನು ಸುತ್ತಿ ತಂತಿ ಬಿಗಿಯುತ್ತಿದ್ದರು. ಕೈಗಾಪಿನ ಹಿತ್ತಾಳೆಯ ಸರಳುಗಳು ಇಗರ್ಜಿಯ ಕಿಟಕಿಯಂತೆ ಹೆಣೆದುಕೊಂಡು ನಡುವೆ ಒಂದು ಅಂಡಾಕಾರದ ಬಿಲ್ಲೆಯನ್ನು ಹಿಡಿದಿರುತ್ತವೆ. ಆ ಬಿಲ್ಲೆಯಲ್ಲಿರುವ ಅಕ್ಷರಗಳೇ ಖಡ್ಗದ ಜಾತಕ. ‘ಜಿ.ಆರ್.’ ಎಂದಿದ್ದರೆ ಜಾರ್ಜ್ ದೊರೆಯ ಕಾಲ, ಅಂದರೆ 1830ರವರೆಗೆ, ‘ಡಬ್ಲ್ಯು.ಆರ್.’ ಎಂದಿದ್ದರೆ ವಿಲಿಯಮ್ಮನ ಏಳು ವರ್ಷಗಳು, ‘ವಿ.ಆರ್.’ ಎಂದಿದ್ದರೆ 1837ರಿಂದ 1901ರವರೆಗಿನ ವಿಕ್ಟೋರಿಯ ರಾಣಿಯ ದೀರ್ಘಕಾಲ. ಕಿರೀಟವನ್ನು ಹಿಡಿದು ನಿಂತ ಸಿಂಹವಿದ್ದರೆ ಅದು ಈಸ್ಟ್ ಇಂಡಿಯಾ ಕಂಪನಿಯ ಗುರುತು. ಲಂಡನ್ನಿನ ವಿಲ್ಕಿನ್ಸನ್ ಎಂಬ ತಯಾರಕರು 1850ರ ದಶಕದಿಂದ ತಮ್ಮ ಅಧಿಕಾರಿ ಖಡ್ಗಗಳ ಬೆನ್ನಿನ ಮೇಲೆ ಕ್ರಮಸಂಖ್ಯೆಯನ್ನು ಒತ್ತಿ, ಕೊಂಡವನ ಹೆಸರನ್ನು ದಫ್ತರದಲ್ಲಿ ಬರೆದಿಡತೊಡಗಿದರು. ಆದುದರಿಂದ ತುಕ್ಕು ಹಿಡಿದ ಅಲಗಿನಲ್ಲಿ ನಾಲ್ಕೈದು ಅಂಕಿಗಳು ಓದಲು ಸಿಕ್ಕರೂ ಸಾಕು, ಅದನ್ನು ಮೊದಲು ಧರಿಸಿದ ಯುವಕನ ಹೆಸರು ಅನೇಕ ವೇಳೆ ದೊರೆಯುತ್ತದೆ. ಹೆಸರು ದೊರೆತ ಮಾತ್ರಕ್ಕೆ ಆ ಖಡ್ಗವು ಯುದ್ಧ ಮಾಡಿತೆಂದು ತಿಳಿಯಬಾರದು. ಎಷ್ಟೋ ಖಡ್ಗಗಳು ಕವಾಯತು, ದರ್ಬಾರು, ಮದುವೆಗಳ ಹೊರತು ಬೇರೇನನ್ನೂ ಕಂಡವಲ್ಲ.

1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾದಾಗ ಬ್ರಿಟಿಷ್ ಅಧಿಕಾರಿಗಳು ಖಡ್ಗಗಳನ್ನು ಮಸೆಸಿಕೊಂಡೇ ಫ್ರಾನ್ಸಿಗೆ ಹೋದರು. ಕಂದಕಗಳ ಯುದ್ಧದಲ್ಲಿ ಖಡ್ಗ ಹಿಡಿದವನೇ ಅಧಿಕಾರಿಯೆಂದು ದೂರದ ಗುರಿಕಾರನಿಗೆ ತಿಳಿಯುತ್ತಿತ್ತು. ಕೆಲವೇ ತಿಂಗಳುಗಳಲ್ಲಿ ಅವುಗಳನ್ನು ಹಿಂದಕ್ಕೆ ಕಳುಹಿಸಿದರು. ಅಲ್ಲಿಂದೀಚೆಗೆ ಅದು ಗೌರವದ ಗುರುತು. ನಮ್ಮ ದೇಶದ ಸೈನ್ಯದಲ್ಲಿಯೂ ದೆಹರಾದೂನಿನ ಸೈನಿಕ ಅಕಾಡೆಮಿಯಲ್ಲಿ ಶ್ರೇಷ್ಠನೆನಿಸಿದ ಶಿಕ್ಷ್ಯಾಧಿಕಾರಿಗೆ ಗೌರವಖಡ್ಗವನ್ನು ಕೊಡುವ ಪದ್ಧತಿಯಿದೆ.

ಇನ್ನು ಎದುರು ಪಕ್ಷದ ಖಡ್ಗಗಳು. ಅರಸರವು ಕೆಲವು ವಿಜಯದ ಕಾಣಿಕೆಗಳಾಗಿ ಸಮುದ್ರವನ್ನು ದಾಟಿದವು. ಟಿಪ್ಪುವಿನ ಶಯನಗೃಹದಲ್ಲಿ ದೊರೆತುದೆಂದು ಹೇಳುವ ಖಡ್ಗವನ್ನು ಸೈನ್ಯವು ಜನರಲ್ ಬೇರ್ಡನಿಗೆ ಅರ್ಪಿಸಿತ್ತು. 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಅದಕ್ಕೆ ಒಂದು ಕೋಟಿ ನಲವತ್ತು ಲಕ್ಷ ಪೌಂಡಿಗೂ ಮಿಕ್ಕ ಬೆಲೆ ಬಂದಿತು. ಕಿತ್ತೂರಿನ ಕೋಟೆಯ ಬಳಿಯ ವಸ್ತುಸಂಗ್ರಹಾಲಯದಲ್ಲಿ ಸಂಸ್ಥಾನದ ಕಾಲದ ಆಯುಧಗಳು ಕೆಲವು ಇವೆ. ಸಾಮಾನ್ಯ ಜನರ ಖಡ್ಗಗಳಿಗೆ ಈ ಭಾಗ್ಯವಿರಲಿಲ್ಲ. 1878ರ ಆಯುಧ ಕಾಯಿದೆಯು ಪರವಾನಗಿಯಿಲ್ಲದೆ ಖಡ್ಗವನ್ನು ಧರಿಸುವುದನ್ನೇ ಅಪರಾಧವನ್ನಾಗಿಸಿತು. ಕೊಡಗಿನವರು ಮಾತ್ರ 1861ರಲ್ಲಿಯೇ ಪಡೆದಿದ್ದ ವಿನಾಯಿತಿಯಿಂದ ತಮ್ಮ ಒಡಿಕತ್ತಿಯನ್ನೂ ಬಂದೂಕನ್ನೂ ಉಳಿಸಿಕೊಂಡರು. ಇಂದಿಗೂ ಕೈಲ್ ಪೊಳ್ದಿನ ಹಬ್ಬದಲ್ಲಿ ಅವುಗಳನ್ನು ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಉಳಿದೆಡೆಗಳಲ್ಲಿ ಖಡ್ಗವು ಗುಡಿಯನ್ನೂ ದೇವರ ಕೋಣೆಯನ್ನೂ ಸೇರಿತು. ನವರಾತ್ರಿಯ ಒಂಬತ್ತನೆಯ ದಿನ ಅಂತಹ ಒಂದು ಹಳೆಯ ಅಲಗನ್ನು ಹುಣಿಸೆಹಣ್ಣಿನಿಂದ ಉಜ್ಜಿ, ಕುಂಕುಮವನ್ನಿಟ್ಟು, ನೇಗಿಲು ಕುಡುಗೋಲುಗಳ ಪಕ್ಕದಲ್ಲಿ ನಿಲ್ಲಿಸುತ್ತಾರೆ. ಅದರ ಬೆನ್ನಿನ ಮೇಲೆ ಸಂಖ್ಯೆಯಿರುವುದಿಲ್ಲ. ಧರಿಸಿದವನ ಹೆಸರನ್ನು ಬರೆದಿಟ್ಟ ದಫ್ತರವೂ ಇರುವುದಿಲ್ಲ.